ಎಂಟನೆಯ ಹಿಡಿ

"ಇನ್ನೊಂದು ಕೈನೂ ಹಾಕಪ್ಪ," ಎಂದಳು ಮಗಳು.

ಹಿಡಿಯಣ್ಣ ಸ್ವೆಟರಿನ ಒಂದು ತೋಳಿಗೆ ಕೈ ತೂರಿಸಿ ಹಾಗೇ ನಿಂತುಬಿಟ್ಟಿದ್ದ. ಇನ್ನೊಂದು ತೋಳು ಬೆನ್ನ ಹಿಂದೆ ಜೋತುಬಿದ್ದಿತ್ತು. ಮಗಳು ಅದರ ತುದಿ ಹಿಡಿದುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಬೇರೆ ಕಡೆ ನೋಡುತ್ತಿದ್ದಳು. ಅವನಿಗೆ ಮರೆವು ಬಂದಿತ್ತು ಎಂದೇನಲ್ಲ. ಒಂದು ಕೈ ಹಾಕಿದ ಮೇಲೆ ಇನ್ನೊಂದನ್ನೂ ಹಾಕಬೇಕೆಂದು ಗೊತ್ತಿತ್ತು. ಆದರೆ ಒಂದು ಕೆಲಸಕ್ಕೂ ಅದರ ಮುಂದಿನ ಕೆಲಸಕ್ಕೂ ನಡುವೆ ಇರುವ ದಾರ ಎಲ್ಲೋ ಕಡಿದುಹೋಗಿತ್ತು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮುಖ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡು ನೀರನ್ನೇ ನೋಡುತ್ತ ನಿಲ್ಲುತ್ತಿದ್ದ. ಊಟಕ್ಕೆ ಕುಳಿತರೆ ತುತ್ತು ಕೈಯಲ್ಲೇ ತಣ್ಣಗಾಗುತ್ತಿತ್ತು. ಅವನು ಅತ್ತಿರಲಿಲ್ಲ. ಅಳು ಬರಲಿಲ್ಲವಲ್ಲ ಎಂದು ಮೊದಮೊದಲು ನಾಚಿಕೆಯಾಗಿತ್ತು. ಈಗ ಆ ನಾಚಿಕೆಯೂ ಇರಲಿಲ್ಲ.

"ಹೋಗ್ಲೇಬೇಕಾ?" ಎಂದ.

"ನಿನ್ನೆ ಹೋಗ್ತೀನಿ ಅಂದಿದ್ದು ಯಾರು, ನಾನಾ? ಇಪ್ಪತ್ತೇಳು ವರ್ಷ ಊರಿಗೆಲ್ಲ ದೀಪ ಹಚ್ಚಿದೋನು ನೀನು. ಒಂದು ಸಲ ಜನರ ಮಧ್ಯೆ ನಿಂತ್ಕೊಂಡು ನೋಡು. ಜೊತೆಗೆ ಬರ್ತೀನಿ ಅಂದ್ರೆ ಅದೂ ಬೇಡ ನಿಂಗೆ."

"ಒಬ್ನೇ ಹೋಗಿ ಬರ್ತೀನಿ."

"ಹಾಗಾದ್ರೆ ಕೈ ಹಾಕು."

ಹಾಕಿದ. ಮಗಳು ಒಲೆಯಿಂದ ಆಗಷ್ಟೇ ಇಳಿಸಿದ ಚಹಾವನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಸೆರಗಿನಲ್ಲಿ ಹಿಡಿದು ಕೊಟ್ಟಳು. ಅವನು ಅದನ್ನು ಬರಿಗೈಯಲ್ಲಿ ಇಡೀ ಅಂಗೈ ಸುತ್ತಿ ಹಿಡಿದುಕೊಂಡ.

"ಅಯ್ಯೋ, ಸುಡಲ್ವಾ ಅಪ್ಪ?"

ಬಲಗೈಯ ಕೊನೆಯ ಎರಡು ಬೆರಳಿಗೆ ಸ್ಪರ್ಶ ಹೋಗಿ ಎಷ್ಟೋ ವರ್ಷವಾಗಿತ್ತು, ಅದು ಮಗಳಿಗೂ ಗೊತ್ತು. ಆದರೆ ಉಳಿದ ಬೆರಳುಗಳಿಗೆ ಏನಾಗಿತ್ತು? ಅವನು ಲೋಟವನ್ನೂ ಕೈಯನ್ನೂ ಒಮ್ಮೆ ನೋಡಿದ. "ಇಲ್ಲ," ಎಂದ. ಕುಡಿದು, ಲೋಟ ಕೆಳಗಿಟ್ಟು, ಮಫ್ಲರು ಸುತ್ತಿಕೊಂಡು ಹೊರಟ.

ಅವನನ್ನು ಹಿಡಿಯಣ್ಣ ಎಂದು ಕರೆಯುತ್ತಿದ್ದುದು ಅವನ ಕೆಲಸದಿಂದ. ಆ ಊರಿನಲ್ಲಿ ಪ್ರತಿ ಚಳಿಗಾಲ ಒಂದು ವಾರ ಬೆಳಕಿನ ಹಬ್ಬ. ಹಗಲು ಗಿಡ್ಡವಾಗಿ, ಮಧ್ಯಾಹ್ನದ ಕೆಲಸ ಮುಗಿಯುವುದರೊಳಗೆ ಕತ್ತಲು ಕವಿಯುವ ದಿನಗಳಲ್ಲಿ ನಗರಸಭೆ ಅದನ್ನು ನಡೆಸುತ್ತಿತ್ತು. ಮೊದಲ ದಿನ ಸಂಜೆ ಆರೂವರೆಗೆ ಪುರಭವನದ ಮುಂದಿನ ವೇದಿಕೆಯಲ್ಲಿ ಮೇಯರ್ ಒಂದು ದೊಡ್ಡ ಹಿತ್ತಾಳೆಯ ಗುಂಡಿ ಒತ್ತುತ್ತಿದ್ದರು, ಬ್ಯಾಂಡ್ ಬಾರಿಸುತ್ತಿತ್ತು, ಊರಿಗೆ ಊರೇ ಹತ್ತಿಕೊಳ್ಳುತ್ತಿತ್ತು. ಮೇಯರ್ ಒತ್ತಿದ ಗುಂಡಿಯಿಂದಲೇ ಅದೆಲ್ಲ ಆಗುತ್ತದೆಂದು ಜನ ತಿಳಿದಿದ್ದರು. ಕೆಲವು ಮೇಯರುಗಳೂ ಹಾಗೇ ತಿಳಿದಿದ್ದರು. ಆ ಗುಂಡಿಯ ತಂತಿ ಹೋಗುತ್ತಿದ್ದುದು ಪುರಭವನದ ಹಿಂದಿನ ಸ್ವಿಚ್ ಕೋಣೆಗೆ. ಅಲ್ಲಿ ಒಂದು ಪುಟ್ಟ ಕೆಂಪು ಬಲ್ಬು ಹತ್ತುತ್ತಿತ್ತು, ಅಷ್ಟೇ. ಅದು ಹತ್ತಿದ್ದನ್ನು ನೋಡಿ ಗೋಡೆಯ ಮೇಲಿನ ಎಂಟು ಕಬ್ಬಿಣದ ಹಿಡಿಗಳನ್ನು ಒಂದೊಂದಾಗಿ ಮೇಲೆತ್ತುತ್ತಿದ್ದವನು ಅವನು. ಎಲ್ಲವನ್ನೂ ಒಟ್ಟಿಗೆ ಎತ್ತಿದರೆ ಫ್ಯೂಸು ಹಾರಿಹೋಗುತ್ತಿತ್ತು. ಒಂದನ್ನು ಎತ್ತಿ, ಹತ್ತು ಎಣಿಸಿ, ಮುಂದಿನದನ್ನು ಎತ್ತಬೇಕು. ಮೊದಲು ಸೇತುವೆ, ಆಮೇಲೆ ನದಿಯ ದಂಡೆ, ಆಮೇಲೆ ಪಾರ್ಕಿನ ಮರಗಳು, ನಾಲ್ಕನೆಯದು ಗಡಿಯಾರದ ಗೋಪುರ, ಹೀಗೆ ಎಂಟನೆಯದಕ್ಕೆ ಪುರಭವನ.

ಸ್ವಿಚ್ ಕೋಣೆಗೆ ಕಿಟಕಿ ಇರಲಿಲ್ಲ. ಒಳಗಿನಿಂದ ಅಗುಳಿ ಹಾಕುವ ಕಬ್ಬಿಣದ ಬಾಗಿಲು, ಪುರಭವನದೊಳಕ್ಕೆ ಹೋಗಲು ಒಂದು ಸಣ್ಣ ಒಳಬಾಗಿಲು, ಮೇಲೆ ಗಾಳಿಗೆ ಒಂದು ಕಿಂಡಿ. ಹತ್ತಿದ ದೀಪಗಳನ್ನು ಅವನೂ ಎಲ್ಲರ ಹಾಗೆ ವಾರವಿಡೀ ನೋಡುತ್ತಿದ್ದ. ದೀಪ ಹತ್ತುವುದನ್ನು ಮಾತ್ರ ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಹಿಡಿ ಎತ್ತುವಾಗ ಅವನಿಗೆ ಕಾಣುತ್ತಿದ್ದುದು ಗೋಡೆ, ಮೀಟರಿನ ಮುಳ್ಳು, ತನ್ನ ಕೈ.

ಅದನ್ನು ನೋಡಿ ಬಂದು ಹೇಳುತ್ತಿದ್ದವಳು ಹೆಂಡತಿ.

ಮೊದಲ ವರ್ಷಗಳಲ್ಲಿ ಅವಳಿಗೆ ಹಬ್ಬದ ಮೇಲೆ ಒಲವಿರಲಿಲ್ಲ. ಚಳಿ, ನೂಕುನುಗ್ಗಲು, ನನಗೆ ಬೇಡಪ್ಪ ಎನ್ನುತ್ತಿದ್ದಳು. ಆರನೆಯ ವರ್ಷ ಕೋಣೆಯಲ್ಲಿ ಅವನಿಗೆ ಶಾಕ್ ಹೊಡೆಯಿತು. ಮೂರನೆಯ ಹಿಡಿಗೆ ಎಲ್ಲಿಂದಲೋ ತೇವ ಇಳಿದಿತ್ತು, ಅದು ಅವನನ್ನು ಎತ್ತಿ ಎದುರು ಗೋಡೆಗೆ ಎಸೆಯಿತು. ಬ್ಯಾಂಡ್ ಬಾರಿಸುತ್ತಲೇ ಇತ್ತು. ಅವನು ಎದ್ದು ಮಿಕ್ಕ ಐದು ಹಿಡಿಗಳನ್ನು ಎಡಗೈಯಲ್ಲಿ ಎತ್ತಿ, ಆಮೇಲೆ ನೆಲದ ಮೇಲೆ ಕುಳಿತ. ಹೊರಗೆ ಯಾರಿಗೂ ತಿಳಿಯಲಿಲ್ಲ. ಕೈಗೆ ಬಟ್ಟೆ ಸುತ್ತಿಸಿಕೊಂಡು ಮನೆಗೆ ಬಂದಾಗ ಹೆಂಡತಿ ಆ ಕೆಲಸ ಬಿಡಿ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಅವನು ಅಂದು ಜೀವಮಾನದಲ್ಲೇ ಮೊದಲ ಸಲ ಜೋರಾಗಿ ಕೂಗಿದ್ದ: "ನನ್ನ ಕೆಲಸಕ್ಕೆ ನಿನ್ನ ಕಾವಲು ಬೇಡ! ಕೋಣೆ ಹತ್ರ ಸುಳಿದ್ರೆ ಜಾಗ್ರತೆ." ಮರುವರ್ಷ ಹಬ್ಬದ ಹೊತ್ತಿಗೆ ಅವಳೇ ಹೇಳಿದಳು, "ನಾನೂ ಈ ಸಲ ದೀಪ ನೋಡೋಕೆ ಹೋಗ್ತೀನಿ ರೀ." ಅವನಿಗೆ ಖುಷಿಯಾಯಿತು. ಗಂಡನ ಕೆಲಸದ ಬಗ್ಗೆ ಕೊನೆಗೂ ಹೆಮ್ಮೆ ಹುಟ್ಟಿತು ಎಂದುಕೊಂಡ.

ಅಂದಿನಿಂದ ಪ್ರತಿ ವರ್ಷ, ಅವನು ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತರೆ, ಅವಳು ಎದುರಿಗೆ ಮೊಣಕಾಲು ಮಡಿಸಿ ಕುಳಿತು ಶುರುಮಾಡುತ್ತಿದ್ದಳು.

"ಹೇಳ್ತೀನಿ ಕೇಳಿ. ಮೊದ್ಲು ಸೇತುವೆ. ಈ ದಡದಿಂದ ಆ ದಡಕ್ಕೆ ಯಾರೋ ಓಡಿದ ಹಾಗೆ ಹತ್ಕೊಳ್ತು. ಆಮೇಲೆ ದಂಡೆ. ನೀರು ಬೆಚ್ಚಿಬಿತ್ತು ರೀ, ಮಲಗಿದ್ದೋರನ್ನ ತಟ್ಟಿ ಎಬ್ಬಿಸಿದ ಹಾಗೆ. ಗೋಪುರ ಇದೆಯಲ್ಲ, ಅದು ಕೆಳಗಿಂದ ಮೇಲಕ್ಕೆ, ಯಾರೋ ದೀಪ ಹಿಡ್ಕೊಂಡು ಮೆಟ್ಟಿಲು ಹತ್ತಿದ ಹಾಗೆ..."

ಅವನು ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಒಂದು ಹಬ್ಬದ ಸಂಜೆ ಈ ಖುಷಿ ಕೆಟ್ಟಿತು. ಅಂದು ನಾಲ್ಕನೆಯ ಹಿಡಿ ಎತ್ತಿದರೆ ಮುಳ್ಳು ಅಲ್ಲಾಡಲಿಲ್ಲ. ಗೋಪುರಕ್ಕೆ ಕರೆಂಟೇ ಹೋಗಲಿಲ್ಲ. ಉಳಿದವನ್ನೆಲ್ಲ ಎತ್ತಿ ಮುಗಿಸಿ ಅವನು ಒಳಬಾಗಿಲಿನಿಂದಲೇ ಪುರಭವನದ ಮುಂಬಾಗಿಲಿಗೆ ಬಂದು, ಗೋಪುರಕ್ಕೆ ಓಡಿ, ಅಲ್ಲಿ ತಂತಿ ಹುಡುಕಿ ಹುಡುಕಿ ಸೋತು, ಅಲ್ಲಿಂದ ಹಾಗೇ ಮನೆಗೆ ಬಂದ. ಮನೆಗೆ ಬೀಗ. ಕೀ ಅವಳ ಹತ್ತಿರ. ಒಂದು ಗಂಟೆಗೂ ಹೆಚ್ಚು ಹೊತ್ತು ಮೆಟ್ಟಿಲ ಮೇಲೆ ನಡುಗುತ್ತ ಕುಳಿತಿದ್ದ. ಅವಳು ಬಂದಾಗ ತಲೆಗೂದಲು ಕೆದರಿತ್ತು, ಅಂಗೈಗೆ ಕರವಸ್ತ್ರ ಸುತ್ತಿದ್ದಳು.

"ಅಷ್ಟೊಂದು ಏನಿತ್ತು ನೋಡೋಕೆ?" ಎಂದ ಸಿಡುಕಿನಿಂದ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ಕಳೆದುಹೋದದ್ದು ಸಿಕ್ಕಿದವರ ಹಾಗೆ. ಆಮೇಲೆ ಹೇಳಿದಳು, "ಬಸ್ಸು ಸಿಗಲಿಲ್ಲ ರೀ. ಗೋಪುರ ನೋಡ್ತಾ ನಿಂತ್ಬಿಟ್ಟೆ. ಎಷ್ಟು ಚೆನ್ನಾಗಿ ಹತ್ಕೊಳ್ತು ಅಂತೀರಿ, ಕೆಳಗಿಂದ ಮೇಲಕ್ಕೆ..."

ಗೋಪುರ ಅಂದು ಹತ್ತಿರಲೇ ಇಲ್ಲ.

ಅವನು ಬೀಗ ತೆಗಿ ಎಂದ, ಅಷ್ಟೇ. ಕೇಳಿಬಿಡಬಹುದಿತ್ತು. ಎಲ್ಲಿ ಹೋಗಿದ್ದೆ ಎಂಬ ಎರಡೇ ಪದದ ಮಾತು. ಅದು ಗಂಟಲಿಗೆ ಬಂದು ಅಲ್ಲೇ ಕುಳಿತುಬಿಟ್ಟಿತು, ಮೀನಿನ ಮುಳ್ಳಿನ ಹಾಗೆ. ಅವಳು ಅಂಥವಳಲ್ಲ, ಅದು ಅವನಿಗೆ ಗೊತ್ತು. ಬೇರೆ ಯೋಚನೆ ಅವನ ಹತ್ತಿರ ಸುಳಿಯಲೂ ಇಲ್ಲ. ಆದರೂ ಸುಳ್ಳು ಸುಳ್ಳೇ. ಮರುವರ್ಷದಿಂದ ಅವಳು "ಹೇಳ್ತೀನಿ ಕೇಳಿ" ಎಂದರೆ ಅವನು ಅಗಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಅವಳು ಹೇಳುವುದನ್ನು ಮಾತ್ರ ಬಿಡಲಿಲ್ಲ. ಹೋದ ವರ್ಷ, ಅವನ ಕೆಲಸದ ಕೊನೆಯ ಹಬ್ಬದಲ್ಲೂ ಹೇಳಿದಳು.

ಈಗ ಅವಳ ದನಿ ಅವನಿಗೆ ಮರೆಯುತ್ತಿತ್ತು. ಮುಖ ಫೋಟೋದಲ್ಲಿತ್ತು, ಸೀರೆಗಳು ಬೀರುವಿನಲ್ಲಿದ್ದವು. ದನಿ ಎಲ್ಲೂ ಇರಲಿಲ್ಲ. ಮಾತುಗಳು ನೆನಪಿಗೆ ಬರುತ್ತಿದ್ದವು, ಆದರೆ ಪೇಪರಿನಲ್ಲಿ ಓದಿದ ಹಾಗೆ. ಅವಳ ಬಗ್ಗೆ ಯೋಚಿಸಹೊರಟರೆ ಎಲ್ಲಕ್ಕೂ ಮೊದಲು ಆ ಸುಳ್ಳು ಎದ್ದು ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು. ಅವನು ಮಗಳಿಗೆ ಹೋಗುತ್ತೇನೆ ಎಂದದ್ದು ದೀಪ ನೋಡಲಿಕ್ಕಲ್ಲ. ಹೆಂಡತಿ ನಿಲ್ಲುತ್ತಿದ್ದ ಜಾಗ ಯಾವುದೆಂದು ನೋಡಬೇಕಾಗಿತ್ತು. ಆ ಸಂಜೆ ಅವಳು ಎಲ್ಲಿದ್ದಳು ಎಂದು ಗೊತ್ತಾಗದಿದ್ದರೆ ತಾನು ಹೀಗೇ, ಒಂದು ತೋಳು ಹಾಕಿಕೊಂಡು, ಉಳಿದ ದಿನಗಳಲ್ಲೆಲ್ಲ ನಿಂತಿರಬೇಕಾಗುತ್ತದೆ ಎಂದು ಅವನಿಗೆ ಅನಿಸಿತ್ತು.

ಬಸ್ಸು ನದಿಯ ಈಚೆಗೇ ನಿಂತಿತು. ಮುಂದಕ್ಕೆ ಜನರೇ ಜನ. ಕಂಬಳಿ ಹೊದ್ದ ಅಜ್ಜಿಯರು, ಹೆಗಲ ಮೇಲೆ ಮಕ್ಕಳು, ಎಲ್ಲರ ಬಾಯಿಂದಲೂ ಹೊಗೆ. ಪೊಲೀಸರು ಹಗ್ಗ ಕಟ್ಟಿದ್ದರು. ಸೇತುವೆಯ ಕಮಾನುಗಳ ಮೇಲೆ ಹತ್ತದ ಬಲ್ಬುಗಳ ಸಾಲು ಬಾವಲಿಗಳ ಹಾಗೆ ತೂಗುತ್ತಿತ್ತು. ಅವನು ಅವಳ ಮಾತನ್ನು ಹಿಡಿದುಕೊಂಡು ಲೆಕ್ಕ ಹಾಕಿದ. ಸೇತುವೆ ಉದ್ದಕ್ಕೂ ಕಾಣಬೇಕು, ನೀರು ಕಾಣಬೇಕು, ಗೋಪುರ ಬುಡದಿಂದ ಕಾಣಬೇಕು. ನದಿಯ ಮೆಟ್ಟಿಲುಗಳ ಹತ್ತಿರ ಹೋಗಿ ನಿಂತ. ಅಲ್ಲಿಂದ ಸೇತುವೆ ಕಂಡಿತು, ಗೋಪುರಕ್ಕೆ ಮರಗಳು ಅಡ್ಡ. ಪಾರ್ಕಿನ ದಿಬ್ಬ ಹತ್ತಿದ. ಅಲ್ಲಿಂದ ಗೋಪುರ ಕಂಡಿತು, ನೀರು ಕಾಣಲಿಲ್ಲ. ಲೈಬ್ರರಿಯ ಜಗಲಿಗೆ ಬಂದ. ಅಲ್ಲಿಂದ ಎರಡೂ ಅರ್ಧರ್ಧ. ಎಲ್ಲವೂ ಒಟ್ಟಿಗೆ ಕಾಣುವ ಜಾಗ ಆ ಊರಿನಲ್ಲಿ ಇದ್ದರೆ ಅದು ಆಕಾಶದಲ್ಲಿ ಇರಬೇಕು.

"ಯಜಮಾನ್ರೇ, ಒಂದು ಕಡೆ ನಿಂತ್ಕೊಳ್ಳಿ, ಜಾತಕ ತಪ್ಪಿದ ಗ್ರಹದ ಹಾಗೆ ಸುತ್ತುತ್ತಾ ಇದ್ದೀರಲ್ಲ," ಎಂದ ಹಗ್ಗದ ಪಕ್ಕದ ಪೊಲೀಸು. ಅಕ್ಕಪಕ್ಕದವರು ನಕ್ಕರು. ಹಿಡಿಯಣ್ಣನಿಗೆ ನಗುವೂ ಬರಲಿಲ್ಲ, ಬೇಜಾರೂ ಆಗಲಿಲ್ಲ. ಸರಿ ಎಂದು ತಲೆಯಾಡಿಸಿ ಹೊರಟ.

ಕಾಲುಗಳಿಗೆ ಗೊತ್ತಿದ್ದ ದಾರಿ ಒಂದೇ. ಅವು ಅವನನ್ನು ಪುರಭವನದ ಪಕ್ಕದ ಸಂದಿಯಿಂದ ಹಿಂದಿನ ಓಣಿಗೆ ಕರೆದುಕೊಂಡು ಹೋದವು. ಅಲ್ಲಿ ಜನವಿಲ್ಲ. ಒಂದು ಕಡೆ ಪುರಭವನದ ಎತ್ತರದ ಹಿಂಗೋಡೆ, ಅದರಲ್ಲಿ ಸ್ವಿಚ್ ಕೋಣೆಯ ಬೂದುಬಣ್ಣದ ಕಬ್ಬಿಣದ ಬಾಗಿಲು, ಬಾಗಿಲ ಮೇಲೆ ತಂತಿಯ ಬಲೆಯೊಳಗೆ ಒಂದು ಹಳದಿ ಬಲ್ಬು. ಇನ್ನೊಂದು ಕಡೆ ಮುಚ್ಚಿದ ಗೋದಾಮುಗಳ ಸಾಲು. ಅವುಗಳ ನಡುವೆ ಬೀಗ ರಿಪೇರಿಯ ಒಂದೇ ಒಂದು ಡಬ್ಬಿಯಂಗಡಿ ತೆರೆದಿತ್ತು. ಮೇಲೆ ಮರದಲ್ಲಿ ಕೆತ್ತಿದ ಆಳುದ್ದದ ಕೀ ತೂಗುಹಾಕಿತ್ತು.

ಸ್ವಿಚ್ ಕೋಣೆಯ ಬಾಗಿಲು ತೆಗೆದಿತ್ತು. ಅವನ ಜಾಗಕ್ಕೆ ಬಂದ ಹೊಸಬ ಹೊಸ್ತಿಲಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. ಮೂವತ್ತು ದಾಟಿದ ಗಟ್ಟಿಮುಟ್ಟಾದ ಆಳು, ಆದರೆ ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ! ನೀವು ಬಂದ್ರಾ! ಒಳಗೆ ಬನ್ನಿ ಅಣ್ಣಾ. ಮೊದಲ್ನೇ ಸಲ ನೋಡಿ. ಪಕ್ಕದಲ್ಲಿ ನಿಂತ್ಕೊಳ್ಳಿ ಸಾಕು."

"ಬೇಡಪ್ಪ. ಇಬ್ಬರಿದ್ರೆ ಎಣಿಕೆ ತಪ್ಪುತ್ತೆ."

"ಹತ್ತು ಎಣಿಸ್ಬೇಕು ಅಲ್ವಾ?"

"ಹತ್ತು. ಅವಸರದ ಹತ್ತಲ್ಲ. ನಿಧಾನದ ಹತ್ತು. ಹಿಡಿ ಮುಟ್ಟೋಕೆ ಮುಂಚೆ ಕೈ ಒರೆಸ್ಕೋ."

ಹೊಸಬ ತಲೆಯಾಡಿಸಿ ಒಳಗೆ ಹೋದ. ಅಗುಳಿ ಬಿದ್ದ ಸದ್ದಾಯಿತು. ಹಿಡಿಯಣ್ಣ ಓಣಿಯಲ್ಲಿ ಒಬ್ಬನೇ ಉಳಿದ. ವಾಪಸು ಹೋಗಬೇಕೆಂದುಕೊಂಡ, ಆದರೆ ಯಾವ ಕಡೆಗೆ ಎಂದು ಹೊಳೆಯಲಿಲ್ಲ.

"ಏನಣ್ಣಾ, ಈ ಸಲ ಅಕ್ಕ ಬಂದಿಲ್ವಾ?"

ಡಬ್ಬಿಯಂಗಡಿಯ ಬೀಗದವನು. ಬೋಳುತಲೆಗೆ ಉಣ್ಣೆಯ ಟೋಪಿ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಅರ. ಹಬ್ಬದ ದಿನಗಳಲ್ಲಿ ಬಂದು ಹೋಗುವಾಗ ಇಬ್ಬರೂ ತಲೆಯಾಡಿಸಿಕೊಳ್ಳುತ್ತಿದ್ದರು, ಅಷ್ಟೇ ಪರಿಚಯ.

"ಯಾವ ಅಕ್ಕ?" ಎಂದ ಹಿಡಿಯಣ್ಣ.

"ಯಾವ ಅಕ್ಕ ಅಂದ್ರೆ! ನಿಮ್ಮ ಮನೆಯವರು. ಅಯ್ಯೋ..." ಬೀಗದವನು ನಾಲಿಗೆ ಕಚ್ಚಿಕೊಂಡ. "ಹೇಳ್ಬಾರದಿತ್ತು. ಹೋಗ್ಲಿ ಬಿಡಿ, ನಿಮಗೆ ರಿಟೈರ್ ಆಯ್ತಲ್ಲ, ಇನ್ನೇನು ಬೈತೀರಿ. ಇಪ್ಪತ್ತೊಂದು ವರ್ಷ ನನ್ನ ಬಾಯಿಗೆ ಬೀಗ ಹಾಕಿದ್ರು ಅವರು. ನನ್ನ ಹತ್ರನೇ ಇಲ್ಲದ ಬೀಗ! ಎಲ್ಲಿ, ಮುಂದೆ ಜನರ ಹತ್ರ ನಿಂತಿದ್ದಾರಾ? ಇವತ್ತಾದ್ರೂ ದೀಪ ನೋಡ್ಲಿ ಪಾಪ."

"ಅವಳು ತೀರ್ಕೊಂಡ್ಳು," ಎಂದ ಹಿಡಿಯಣ್ಣ. "ನಾಲ್ಕು ತಿಂಗಳಾಯ್ತು."

ಬೀಗದವನ ಕೈಯಲ್ಲಿ ಅರ ನಿಂತಿತು. ಅವನು ಟೋಪಿ ತೆಗೆದ. ಬೋಳುತಲೆಯಿಂದ ಚಳಿಗೆ ಆವಿ ಎದ್ದಿತು. ಆಮೇಲೆ ಕುಳಿತಿದ್ದ ಸ್ಟೂಲನ್ನು ಎತ್ತಿ ಅಂಗಡಿಯ ಮೂಲೆಯಲ್ಲಿ ಇಟ್ಟ.

"ಇಲ್ಲೇ," ಎಂದ. "ಗಾಳಿ ಬಡಿಯಲ್ಲ ಅಂತ ಇಲ್ಲೇ ನಿಂತ್ಕೋತಿದ್ರು. ಸ್ಟೂಲ್ ಕೊಟ್ರೆ ಕೂರ್ತಿರಲಿಲ್ಲ. ಕೂತ್ಕೊಂಡ್ರೆ ಎದ್ದು ಓಡೋಕೆ ತಡವಾಗುತ್ತೆ ಅಂತಿದ್ರು."

ಹಿಡಿಯಣ್ಣ ಹೋಗಿ ಅಲ್ಲಿ ನಿಂತ. ಕೂರಲಿಲ್ಲ. ಅಲ್ಲಿಂದ ಸೇತುವೆ ಕಾಣುತ್ತಿರಲಿಲ್ಲ. ನದಿ ಕಾಣುತ್ತಿರಲಿಲ್ಲ. ಆಕಾಶದ್ದೂ ಒಂದು ಪಟ್ಟಿ ಮಾತ್ರ. ಎದುರಿಗೆ ಗೋಡೆ, ಗೋಡೆಯಲ್ಲಿ ಬಾಗಿಲು, ಬಾಗಿಲ ಮೇಲೆ ಬಲ್ಬು. ಅಷ್ಟೇ.

"ಇಲ್ಲಿಂದ ಏನು ಕಾಣುತ್ತೆ?" ಎಂದ.

"ಅದೇ ನಾನೂ ಕೇಳಿದ್ದೆ ಮೊದಲ್ನೇ ವರ್ಷ. 'ಬಲ್ಬು ನೋಡು' ಅಂದ್ರು. ಒಳಗೆ ನೀವು ಒಂದೊಂದು ಹಿಡಿ ಎತ್ತಿದಾಗಲೂ ಆ ಬಲ್ಬು ಒಂದು ಚಣ ಮಂಕಾಗುತ್ತೆ ಅಣ್ಣ, ನಿಮಗೆ ಗೊತ್ತಾ? ಒಳಗಿರೋರಿಗೆ ಹೇಗೆ ಗೊತ್ತಾಗ್ಬೇಕು. ಅವರು ಎಣಿಸ್ತಿದ್ರು. ಒಂದು, ಎರಡು, ಮೂರು... ಮೂರು ದಾಟಿದ್ರೆ ಒಂದು ಉಸಿರು ಬಿಡ್ತಿದ್ರು. ಯಾಕೆ ಮೂರೇ ಅಂತ ನಾನು ಕೇಳ್ಲಿಲ್ಲ. ಎಂಟಾದ ಮೇಲೆ ನೀವು ಬಾಗಿಲು ತೆಗೆದು ಹೊರಗೆ ಬಂದು ಟವೆಲಲ್ಲಿ ಮುಖ ಒರೆಸ್ಕೋತಿದ್ರಲ್ಲ, ಅಷ್ಟು ನೋಡಿ, 'ಬರ್ತೀನಪ್ಪ' ಅಂತ ಈ ಸಂದಿಯಿಂದ ಹೊರಟುಬಿಡ್ತಿದ್ರು. ಒಂದು ದಿನ ನಾನೇ ರೇಗಿಸ್ದೆ. 'ಅಕ್ಕ, ಊರೆಲ್ಲ ದೀಪ ನೋಡುತ್ತೆ, ನೀವು ಗಂಡನ ಮುಖ ನೋಡೋಕೆ ಬಸ್ಸಲ್ಲಿ ಬರ್ತೀರಲ್ಲ, ಮನೇಲಿ ತೋರಿಸಲ್ವಾ ಅವರು?' ಅಂದೆ. ಪಟ್ ಅಂತ ತಲೆಗೊಂದು ಬಿತ್ತು."

ಬೀಗದವನು ನಗಲು ಹೋಗಿ ನಿಲ್ಲಿಸಿದ.

"ಮನೆಗೆ ಬಂದು ಎಲ್ಲಾ ಹೇಳ್ತಿದ್ಳು," ಎಂದ ಹಿಡಿಯಣ್ಣ. "ಸೇತುವೆ, ನೀರು, ಗೋಪುರ. ಕಣ್ಣಿಗೆ ಕಟ್ಟೋ ಹಾಗೆ."

"ನೋಡಿ ಇಲ್ಲಿ." ಬೀಗದವನು ಅಂಗಡಿಯ ಹಲಗೆ ಬಾಗಿಲನ್ನು ತಟ್ಟಿದ. ಅದರ ಮೇಲೆ ಹಬ್ಬದ ಪೋಸ್ಟರು ಅಂಟಿಸಿತ್ತು. ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ಅದರ ಹಿಂದಿನದು, ರಟ್ಟಿನ ಹಾಗೆ ದಪ್ಪಗಾಗಿತ್ತು. ಬಣ್ಣದಲ್ಲಿ ಸೇತುವೆ, ನೀರು, ಗೋಪುರ ಎಲ್ಲವೂ ಒಟ್ಟೊಟ್ಟಿಗೆ ಇದ್ದವು. "ಕಾಯ್ತಾ ನಿಂತಾಗ ಇದನ್ನೇ ನೋಡ್ತಿದ್ರು. 'ಹೇಗೆ ಹತ್ತಿರಬಹುದು ಇದು' ಅಂತ ನನ್ನನ್ನೂ ಕೇಳೋರು. ನಾನು 'ಟಪ್ ಅಂತ ಹತ್ತಿರುತ್ತೆ ಅಕ್ಕ' ಅಂದ್ರೆ, 'ಥೂ, ನಿಂಗೇನು ಗೊತ್ತು' ಅನ್ನೋರು."

ಮುಂಭಾಗದಲ್ಲಿ ಮೈಕಿನ ಸದ್ದು ಶುರುವಾಯಿತು. ಮೇಯರ್ ಮಾತಾಡುತ್ತಿದ್ದರು. ಗೋಡೆ ದಾಟಿ ಬರುವಾಗ ಮಾತುಗಳ ಅರ್ಥ ಸೋರಿಹೋಗಿ ಗುಂಯ್ ಎನ್ನುವುದು ಮಾತ್ರ ಉಳಿಯುತ್ತಿತ್ತು.

ಹಿಡಿಯಣ್ಣ ಕೊನೆಗೆ ಕೇಳಿದ. ಹನ್ನೊಂದು ವರ್ಷ ಗಂಟಲಲ್ಲಿದ್ದ ಮಾತು ಹೊರಗೆ ಬರುವಾಗ ಸಣ್ಣದಾಗಿತ್ತು.

"ಒಂದು ವರ್ಷ ನಾನು ಈ ಬಾಗಿಲಿಂದ ಬರಲಿಲ್ಲ. ಒಳಗಿಂದಾನೇ ಹೋಗ್ಬಿಟ್ಟೆ."

ಬೀಗದವನು ಟೋಪಿಯನ್ನು ಮತ್ತೆ ಹಾಕಿಕೊಂಡ. "ಅದನ್ನ ಮರೆಯೋಕಾಗುತ್ತಾ? ಅವತ್ತು ಏಳೇ ಸಲ ಮಂಕಾಯ್ತು. ಅಕ್ಕ ಎಂಟನೇದಕ್ಕೆ ಕಾದ್ರು, ಕಾದ್ರು. ಬರಲಿಲ್ಲ. ಬಾಗಿಲೂ ತೆಗೀಲಿಲ್ಲ. ಆಮೇಲೆ ಓಡಿದ್ರು ನೋಡಿ. ಕೈಯಲ್ಲಿ ಬಡಿದ್ರು, ನಿಮ್ಮನ್ನ ಕರೆದ್ರು, ಮುಂದೆ ಬ್ಯಾಂಡ್, ಯಾರಿಗೆ ಕೇಳ್ಬೇಕು? ಕೆಳಗೆ ಬಿದ್ದಿದ್ದ ಕಲ್ಲು ತಗೊಂಡು ಬಡಿದ್ರು. ಗುರುತು ಈಗಲೂ ಇದೆ ಹೋಗಿ ನೋಡಿ. ನನ್ನ ಮೇಲೆ ತಿರುಗಿದ್ರು. 'ಬೀಗದವನು ಅಂತೀಯ, ತೆಗಿ ಇದನ್ನ!' ಅಂತ. ಒಳಗಿಂದ ಅಗುಳಿ ಹಾಕಿದ ಬಾಗಿಲಿಗೆ ಬೀಗದವನು ಏನು ಮಾಡ್ತಾನಣ್ಣ? ಈ ಊರಲ್ಲಿ ನಾನು ತೆಗೀಲಾರದ ಬಾಗಿಲು ಎರಡೇ. ಅದೊಂದು, ನಮ್ಮನೇದೊಂದು, ನನ್ನ ಹೆಂಡತಿ ಸಿಟ್ಟು ಬಂದಾಗ ಹಾಕೋದು."

"ಆಮೇಲೆ?"

"ಆಮೇಲೆ ನಾನು ಮುಂದೆ ಹೋಗಿ ಕಾವಲುಗಾರನ್ನ ಹುಡುಕಿ ಕೇಳಿದೆ. ಅಷ್ಟು ಜನದೊಳಗೆ ನುಗ್ಗಿ ಬರೋಕೆ ಒಂದು ಗಂಟೆ ಆಯ್ತು. 'ಅವರು ಆಗ್ಲೇ ಗೋಪುರದ ಕಡೆ ಓಡಿಹೋದ್ರು, ಅಲ್ಲಿಂದ ಮನೆಗೆ ಹೋಗಿರ್ಬೇಕು' ಅಂದ. ಬಂದು ಹೇಳ್ದೆ. ಅಕ್ಕ ಇಲ್ಲೇ ನೆಲದ ಮೇಲೆ ಕೂತ್ರು. ಅಂಗೈ ಎಲ್ಲ ರಕ್ತ, ನನ್ನ ಕರವಸ್ತ್ರ ಕೊಟ್ಟೆ. ಅಳ್ತಾರೇನೋ ಅಂದ್ಕೊಂಡೆ, ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಏಳೋವಾಗ ಹೇಳಿದ್ರು, 'ಅವರಿಗೆ ಹೇಳ್ಬೇಡಪ್ಪ, ಕಾವಲು ಬೇಡ ಅಂದಿದ್ದಾರೆ.' ಬೈಗುಳ ತಪ್ಪಿಸ್ಕೊಳ್ಳೋಕೆ ಏನು ಹೇಳ್ತೀರಿ ಮನೆಗೆ ಹೋಗಿ ಅಂದೆ. 'ಪೋಸ್ಟರ್ ಇದೆಯಲ್ಲ' ಅಂದ್ರು."

ಹಿಡಿಯಣ್ಣ ಓಣಿ ದಾಟಿ ಬಾಗಿಲ ಹತ್ತಿರ ಹೋದ. ನಡುಮಟ್ಟದಲ್ಲಿ, ಬೂದುಬಣ್ಣ ಎದ್ದುಹೋದ ಕಡೆ, ಐದಾರು ತಗ್ಗುಗಳಿದ್ದವು. ಪ್ರತಿ ವರ್ಷ ಅವನು ಅವನ್ನು ನೋಡಿದ್ದ. ಆಳುಗಳು ಕಂಬ ಸಾಗಿಸುವಾಗ ತಗುಲಿಸಿದ್ದು ಎಂದುಕೊಂಡಿದ್ದ. ಒಂದು ಸಲ ಅದಕ್ಕೆ ಯಾರನ್ನೋ ಬೈದದ್ದೂ ಉಂಟು. ಬಲಗೈ ಇಟ್ಟು ತಡವಿದ. ಕಬ್ಬಿಣ ತಣ್ಣಗಿತ್ತು. ಎರಡು ಬೆರಳಿಗೆ ಅದೂ ತಿಳಿಯಲಿಲ್ಲ, ಮೂರು ಬೆರಳಿಗೆ ತಿಳಿಯಿತು.

"ಈಚೆಗೆ ಬನ್ನಿ ಅಣ್ಣ, ಬ್ಯಾಂಡ್ ಶುರುವಾಯ್ತು," ಎಂದ ಬೀಗದವನು.

ಅವನು ವಾಪಸು ಬಂದು ಅವಳ ಮೂಲೆಯಲ್ಲಿ ನಿಂತ. ಬಲ್ಬು ಉರಿಯುತ್ತಿತ್ತು. ಆಮೇಲೆ, ರೆಪ್ಪೆ ಬಡಿದಷ್ಟು ಹೊತ್ತು, ಅದರ ಹಳದಿ ಇಳಿದು ಮತ್ತೆ ಏರಿತು. ಗೋಡೆಯ ಆಚೆ ಸಾವಿರಾರು ಜನ ಓ ಎಂದರು.

"ಒಂದು," ಎಂದ ಬೀಗದವನು ಅಭ್ಯಾಸದಿಂದ.

ಹಿಡಿಯಣ್ಣ ಹತ್ತು ಎಣಿಸಿದ. ಹೊಸಬನ ಹತ್ತು ಅವನ ಹತ್ತಕ್ಕಿಂತ ಸ್ವಲ್ಪ ಚುರುಕು. ಎರಡು. ಮತ್ತೆ ಓ. ಮೂರನೆಯದಕ್ಕೆ ತಡವಾಯಿತು. ಎಣಿಕೆ ಹತ್ತು ದಾಟಿತು, ಹನ್ನೊಂದು, ಹನ್ನೆರಡು. ಅವನ ಕಾಲುಗಳು ಆಗಲೇ ಓಣಿಗೆ ಒಂದು ಹೆಜ್ಜೆ ಇಟ್ಟಿದ್ದವು. ಹದಿಮೂರಕ್ಕೆ ಬಲ್ಬು ಮಂಕಾಯಿತು. ಹೊಸಬ ಕೈ ಒರೆಸಿಕೊಂಡಿರಬೇಕು. ಹಿಡಿಯಣ್ಣನ ಎದೆಯಿಂದ ಒಂದು ಉಸಿರು ತಾನಾಗಿ ಹೊರಬಿದ್ದು ಚಳಿಯಲ್ಲಿ ಹೊಗೆಯಾಗಿ ಕಂಡಿತು. ಬೀಗದವನು ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡು, ಉಜ್ಜಿದ ಕೀಯನ್ನೇ ಮತ್ತೆ ಉಜ್ಜತೊಡಗಿದ.

ನಾಲ್ಕು. ಐದು. ಆರು. ಏಳು.

ಎಂಟಕ್ಕೆ ಗೋಡೆಯ ಆಚೆ ಚಪ್ಪಾಳೆ ಸುರಿಯಿತು. ಪುರಭವನದ ಮುಂಭಾಗ ಹತ್ತಿರಬೇಕು. ಮೇಲಿನ ಆಕಾಶದ ಪಟ್ಟಿ ಸ್ವಲ್ಪ ಕೆಂಪಗಾಯಿತು. ಓಣಿ ಇದ್ದ ಹಾಗೇ ಇತ್ತು. ಅಗುಳಿ ಸರಿದ ಸದ್ದಾಯಿತು, ಬಾಗಿಲು ತೆರೆಯಿತು. ಹೊಸಬ ಹೊಸ್ತಿಲಿಗೆ ಬಂದು, ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು, ಮುಖ ಮೇಲೆತ್ತಿ ಗಾಳಿ ಕುಡಿದ. ಮೂಲೆಯಲ್ಲಿ ನಿಂತವನು ಅವನಿಗೆ ಕಾಣಲಿಲ್ಲ. ಕತ್ತಲಲ್ಲಿ ಕಾಣುವ ಜಾಗವೇ ಅಲ್ಲ ಅದು.

"ಬರ್ತೀನಪ್ಪ," ಎಂದ ಹಿಡಿಯಣ್ಣ.

"ಅಣ್ಣಾ, ಮುಂದೆ ಹೋಗಿ ದೀಪ ನೋಡ್ಕೊಂಡು ಹೋಗಿ. ಇಷ್ಟು ದೂರ ಬಂದು..."

ಅವನು ಆಗಲೇ ಅಂಗಡಿಯ ಪಕ್ಕದ ಸಂದಿಯೊಳಗೆ ಹೊಕ್ಕಿದ್ದ. ಅದು ಅವನಿಗೆ ಗೊತ್ತಿಲ್ಲದ ದಾರಿ. ಗೋದಾಮುಗಳ ಹಿಂದೆ ಬಳಸಿ, ಒಂದು ಮೋರಿ ದಾಟಿ, ನೇರ ಹಳೆಯ ಬಸ್‌ ಸ್ಟ್ಯಾಂಡಿಗೆ ಬೀಳುತ್ತಿತ್ತು. ಬಸ್ಸು 'ಸಿಗದ' ಆ ಸಂಜೆಯೂ ಅವಳು ಇಲ್ಲಿಂದಲೇ ಓಡಿರಬೇಕು. ಬೇಗ ಬೇಗ ನಡೆದ. ಬೆನ್ನ ಹಿಂದೆ ಊರು ಝಗಝಗಿಸುತ್ತಿತ್ತು, ಅದರ ಬೆಳಕು ಅವನ ನೆರಳನ್ನು ಮುಂದಕ್ಕೆ ಉದ್ದುದ್ದ ಚಾಚುತ್ತಿತ್ತು. ತಿರುಗಿ ನೋಡಬೇಕೆಂದು ಅವನಿಗೆ ಅನಿಸಲಿಲ್ಲ.

ಮನೆಗೆ ಬಂದಾಗ ಮಗಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಿ, "ಇಷ್ಟು ಬೇಗ ಬಂದ್ಯಾ? ಯಾಕೆ ಹೀಗೆ ಏದುಸಿರು?" ಎಂದಳು.

"ಮೆಟ್ಟಿಲು."

"ನಾಲ್ಕು ಮೆಟ್ಟಿಲಿಗಾ?" ಕೈ ಒರೆಸಿಕೊಂಡು ಲೋಟಕ್ಕೆ ಚಹಾ ಬಗ್ಗಿಸಿ ಅವನ ಮುಂದೆ ಹಿಡಿದಳು. ಮತ್ತೆ ಬಚ್ಚಲ ಕಡೆ ತಿರುಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನ ಮೇಲೆ ದನಿ ಎತ್ತರಿಸಿ ಕೇಳಿದಳು, "ಹೇಗಿತ್ತಪ್ಪ? ನೋಡಿದ್ಯಾ ಎಲ್ಲಾ?"

ಅವನು ನೆಲದ ಮೇಲೆ ಹೆಂಡತಿ ಕೂರುತ್ತಿದ್ದ ಕಡೆ ಕುಳಿತ. ಒಂದು ಮೊಣಕಾಲು ಮಡಿಸಿಕೊಂಡ. ಲೋಟ ಕೈಯಲ್ಲಿತ್ತು. ಸುಡುತ್ತಿತ್ತು. ಅವನು ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ, ಅಲ್ಲೂ ಸುಟ್ಟಿತು. ಕೆಳಗಿಟ್ಟು ಬೆರಳುಗಳನ್ನು ಊದಿಕೊಂಡ.

"ಹೇಳ್ತೀನಿ ಕೇಳು," ಎಂದ. "ಮೊದ್ಲು ಸೇತುವೆ. ಈ ದಡದಿಂದ ಆ ದಡಕ್ಕೆ, ಯಾರೋ ಓಡಿದ ಹಾಗೆ..."

ಮಗಳು ನಲ್ಲಿ ನಿಲ್ಲಿಸಿದಳು.